ನಿಂತಲ್ಲೇ ಮುಪ್ಪಾಗುವ ಟೈರು

ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಮನೆಗೆ. ಕೆಜಿಎಫ್, ಬಂಗಾರಪೇಟೆಯ ಹಳೆಯ ಬೈಕುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಗೆರೆ ಸವೆದಿಲ್ಲವೆಂಬ ಧೈರ್ಯದ ಮೇಲೆ ಮಳೆಗೆ ಗಾಡಿ ಇಳಿಸುವ ಮುನ್ನ ಒಮ್ಮೆ ಬಗ್ಗಿ, ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ!

ಬೆಳಕು ಹರಿಯುವ ಮೊದಲೇ ಬಂಗಾರಪೇಟೆ ಜಂಕ್ಷನ್ನಿನ ಮುಂದೆ ಬೈಕುಗಳ ಸಾಲು ಬೆಳೆಯತೊಡಗುತ್ತದೆ. ಸ್ಟ್ಯಾಂಡು ಹಾಕುವ ಸದ್ದು, ಚೀಟಿ ಹರಿಯುವ ಸದ್ದು, ಊಟದ ಡಬ್ಬಿಯ ಚೀಲ ಹೆಗಲಿಗೆ ಬೀಳುವ ಸದ್ದು. ಬೆಂಗಳೂರಿನ ರೈಲು ಹಿಡಿಯುವವರಿಗೆ ಹಿಂದೆ ತಿರುಗಿ ನೋಡಲೂ ಪುರುಸೊತ್ತಿರುವುದಿಲ್ಲ.

ರೈಲು ಹೊರಟಿತು. ಉಳಿದದ್ದು ಬೈಕುಗಳು. ಸ್ಪ್ಲೆಂಡರಿಗೆ ಒರಗಿದ ಸ್ಪ್ಲೆಂಡರ್, ನಡುವೆ ಹೇಗೋ ನುಸುಳಿಕೊಂಡ ಒಂದು ಆರ್‌ಎಕ್ಸ್ 100, ತುದಿಯಲ್ಲಿ ಎರಡು ಗಾಡಿಯ ಜಾಗ ಹಿಡಿದು ನಿಂತ ಬುಲೆಟ್ಟು. ಯಜಮಾನರು ಬರುವುದು ರಾತ್ರಿಗೆ. ಅಲ್ಲಿಯವರೆಗೆ ಈ ಗಾಡಿಗಳಿಗೂ ಕೋಲಾರದ ಬಿಸಿಲಿಗೂ ನೇರಾನೇರ ವ್ಯವಹಾರ.

ಮಾರಿಕುಪ್ಪಂವರೆಗಿನ ಕವಲು ಹಳಿಯುದ್ದಕ್ಕೂ, ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಲ್ಲೇ ಇಳಿದರೂ ಇದೇ ನೋಟ. 1894ರಲ್ಲಿ ಚಿನ್ನದ ಗಣಿಗಾಗಿ ಹಾಸಿದ ಹಳಿ ಇದು. ಆಗ ಕೆಲಸ ಹುಡುಕಿಕೊಂಡು ಜನ ಈ ಹಳಿಯ ಮೇಲೆ ಊರೊಳಗೆ ಬರುತ್ತಿದ್ದರು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ರೈಲಿನ ದಿಕ್ಕೂ ತಿರುಗಿತು. ಈಗ ಬೆಳಗಾದರೆ ಊರು ಕೆಲಸಕ್ಕೆಂದು ಬೆಂಗಳೂರಿಗೆ ಹೋಗುತ್ತದೆ, ಕತ್ತಲಾದ ಮೇಲೆ ವಾಪಸ್ಸು ಬರುತ್ತದೆ.

ಗಣಿ ಮುಚ್ಚಿದ್ದರ ಗುರುತು ಟೈರಿನ ಮೇಲೂ ಇದೆ. ನಾಲ್ಕೈದು ಕಿಲೊಮೀಟರ್ ಓಡಿ, ಹನ್ನೆರಡು ತಾಸಿಗೂ ಮೀರಿ ಬಯಲಲ್ಲಿ ನಿಲ್ಲುವ ಬೈಕಿನ ಟೈರು ಸವೆಯುವುದೇ ಇಲ್ಲ. ಗೆರೆ ಇದ್ದ ಹಾಗೇ ಇರುತ್ತದೆ, ಒಳಗಿನ ರಬ್ಬರು ಸತ್ತಿರುತ್ತದೆ. ಹಳೆಯ ಗಾಡಿ ಇಟ್ಟುಕೊಂಡವರು ಈ ಸೀಮೆಯಲ್ಲಿ ಮೋಸ ಹೋಗುವುದು ಇಲ್ಲೇ.

ಉಗುರು ಇಳಿಯದ ರಬ್ಬರು

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಟೈರಂಗಡಿ. ಮುಂದೆ ಚರಂಡಿ ಕಲ್ಲಿನ ಮೇಲೆ ಯೆಜ್ಡಿಯೊಂದನ್ನು ಸೆಂಟರ್ ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಿದ್ದರು. ಗಾಡಿಯ ಯಜಮಾನರಾದ ಹಿರಿಯರಿಗೆ ಟೈರು ಬದಲಿಸುವ ಮನಸ್ಸಿಲ್ಲ. ಮಗನ ಬಲವಂತಕ್ಕೆ ಬಂದವರು.

‘ಗೆರೆ ನೋಡು ತಂಬಿ, ಇನ್ನೂ ಹೊಸದರ ಹಾಗೈತೆ.’

‘ಗೆರೆ ಬಿಡಿ ಸಾರ್, ಇಲ್ಲಿ ನೋಡಿ’ ಎಂದ ಅಂಗಡಿಯ ಹುಡುಗ ಎರಡು ಹೆಬ್ಬೆರಳಿನಿಂದ ಗೆರೆಯೊಂದನ್ನು ಅಗಲಿಸಿ ಹಿಡಿದ. ಗೆರೆಯ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಒಂದರ ಪಕ್ಕ ಒಂದು, ಸುತ್ತಲೂ. ಪಕ್ಕೆಯ ರಬ್ಬರಿಗೆ ಉಗುರು ಒತ್ತಿದ. ಇಳಿಯಲಿಲ್ಲ. ಹೊಸ ಟೈರೊಂದನ್ನು ಎಳೆದು ಅದಕ್ಕೂ ಒತ್ತಿ ತೋರಿಸಿದ. ಉಗುರಿನ ಗುರುತು ಒಂದು ಕ್ಷಣ ನಿಂತು ಮಾಯವಾಯಿತು.

ಆಮೇಲೆ ಬಟ್ಟೆಯಿಂದ ಧೂಳು ಒರೆಸಿ, ಪಕ್ಕೆಯ ಮೇಲಿದ್ದ ಉದ್ದನೆಯ ಪುಟ್ಟ ಚೌಕಟ್ಟಿನೊಳಗಿನ ಅಂಕಿಗಳ ಮೇಲೆ ಬೆರಳಿಟ್ಟ: 0914. ಅಂದರೆ 2014ನೇ ಇಸವಿಯ ಒಂಬತ್ತನೇ ವಾರ. ಹಿರಿಯರು ಕನ್ನಡಕ ಏರಿಸಿ ಓದಿದರು, ಮತ್ತೆ ಮಾತಾಡಲಿಲ್ಲ.

ರಬ್ಬರಿಗೆ ಮುಪ್ಪು ಬರುವುದು ಗಾಳಿಯಿಂದ. ಗಾಳಿಯಲ್ಲಿರುವ ಓಝೋನ್ ಅನಿಲ ರಬ್ಬರಿನ ಉದ್ದನೆಯ ಅಣುಸರಪಳಿಯನ್ನು ಕತ್ತರಿಸುತ್ತದೆ. ಆಮ್ಲಜನಕ ಅದನ್ನು ಗಡುಸಾಗಿಸುತ್ತದೆ. ಬಿಸಿಲೂ ಕಾವೂ ಈ ಎರಡಕ್ಕೂ ಕೈಜೋಡಿಸುತ್ತವೆ. ಇದು ಗೊತ್ತಿದ್ದೇ ಟೈರು ಕಂಪನಿಗಳು ರಬ್ಬರಿನೊಳಗೆ ಒಂದು ಬಗೆಯ ಮೇಣವನ್ನೂ ಓಝೋನ್ ತಡೆಯುವ ರಾಸಾಯನಿಕವನ್ನೂ ಬೆರೆಸಿರುತ್ತವೆ. ಟೈರು ಉರುಳಿ, ಬಾಗಿ, ಬಿಸಿಯಾದಂತೆಲ್ಲ ಈ ಮೇಣ ಸ್ವಲ್ಪ ಸ್ವಲ್ಪವಾಗಿ ಹೊರಗೆ ಒಸರಿ ಮೈಗೆ ಲೇಪವಾಗುತ್ತದೆ.

ಉರುಳದ ಟೈರಿಗೆ ಈ ಲೇಪ ಸರಿಯಾಗಿ ಸಿಗುವುದಿಲ್ಲ. ದಿನವೂ ನೂರು ಕಿಲೊಮೀಟರ್ ಓಡುವ ಹಾಲಿನವರ ಬೈಕಿನ ಟೈರು ಬೇಗನೆ ಬೋಳಾಗಬಹುದು, ಆದರೆ ಬೋಳಾಗುವ ದಿನದವರೆಗೂ ಮೆತ್ತಗಿರುತ್ತದೆ. ಸ್ಟೇಷನ್ ಮುಂದಿನ ಬೈಕಿನದು ಗೆರೆ ಮಾಸದೆಯೇ ಒಣಗುತ್ತದೆ. ವರ್ಷಗಟ್ಟಲೆ ಷೆಡ್ಡಿನಲ್ಲಿ ನಿಂತು, ಮಗನಿಗೆ ಹುಮ್ಮಸ್ಸು ಬಂದಾಗ ಹೊರಬರುವ ತಾತನ ಕಾಲದ ಬುಲೆಟ್ಟಿನ ಪಾಡಂತೂ ಕೇಳುವುದೇ ಬೇಡ. ಅದು ಗಾಳಿ ಇಳಿದು ಒಂದೇ ಮಗ್ಗುಲಲ್ಲಿ ಕೂತಿರುತ್ತದೆ; ನೆಲಕ್ಕೆ ತಾಗಿದ ಕಡೆ ಪಕ್ಕೆ ಮಡಿಚಿ ಸೀಳಿರುತ್ತದೆ.

ಕಾನೂನು ನೋಡುವುದು ಗೆರೆಯ ಆಳವನ್ನು ಮಾತ್ರ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೆರೆ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ವಯಸ್ಸಿನ ಮಾತೇ ಅಲ್ಲಿಲ್ಲ. ಹದಿನೈದು ವರ್ಷ ತುಂಬಿದ ಬೈಕನ್ನು ನೋಂದಣಿ ನವೀಕರಣಕ್ಕೆಂದು ಕೆಎ 08ರ ಕಚೇರಿಗೆ, ಅಂದರೆ ಕೆಜಿಎಫ್ ಆರ್‌ಟಿಒಗೆ, ಒಯ್ದಾಗಲೂ ಕಣ್ಣಿಗೆ ಬೀಳುವುದು ಗೆರೆ. ಹೀಗಾಗಿ ಕಾಗದದ ಮೇಲೆ ಪಾಸಾದ ಟೈರು ಮಳೆಯಲ್ಲಿ ಫೇಲಾಗಬಹುದು.

ಹಾಗಾದರೆ ಎಷ್ಟು ವರ್ಷ? ಐದು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ತೋರಿಸಿ, ಹತ್ತು ವರ್ಷಕ್ಕೆ ಗೆರೆ ಎಷ್ಟೇ ಇರಲಿ ತೆಗೆದುಹಾಕಿ ಎಂಬುದು ದೊಡ್ಡ ಟೈರು ಕಂಪನಿಗಳ ಸಾಮಾನ್ಯ ಸಲಹೆ. ಅದು ನೆರಳಿನ ಗಾಡಿಗಳಿಗೆ ಸರಿ. ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುವ ಬಯಲಿನಲ್ಲಿ ದಿನವಿಡೀ ನಿಲ್ಲುವ ಬೈಕಿಗೆ ಹತ್ತು ವರ್ಷ ಎನ್ನುವುದು ದುರಾಸೆ. ಐದಾರು ವರ್ಷಕ್ಕೆ ಬಿರುಕು ಕಂಡರೆ ಲೆಕ್ಕ ಮುಗಿಯಿತು ಎಂದೇ ನನ್ನ ತೀರ್ಮಾನ.

ಕೋಲಾರದ ಕಡೆ ಇನ್ನೊಂದು ತೊಡಕಿದೆ. ಇಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಂದರೆ ಇಡೀ ಬೇಸಿಗೆಯ ಬಿಸಿಲನ್ನೂ ಉಂಡು, ಮುಂಗಾರಿನ ಚದುರು ಹನಿಯಲ್ಲಿ ಒಣಗಿಯೇ ಉಳಿದು, ಪೂರ್ತಿ ಗಡುಸಾದ ಮೇಲೆ ಟೈರಿಗೆ ನಿಜವಾದ ಪರೀಕ್ಷೆ ಬರುತ್ತದೆ. ಕೆಮ್ಮಣ್ಣಿನ ಧೂಳು, ಲಾರಿಗಳಿಂದ ಸೋರಿದ ಎಣ್ಣೆ, ಮೇಲೆ ಮೊದಲ ಹದ ಮಳೆ. ಆ ಲೋಳೆಯ ಮೇಲೆ ಒಣ ರಬ್ಬರು ಬ್ರೇಕಿಗೆ ಓಗೊಡುವುದೇ ಇಲ್ಲ.

[ಬಾಕ್ಸ್] ಪಕ್ಕೆಯ ಮೇಲೆ ಏನು ಬರೆದಿದೆ?

ಸ್ಪ್ಲೆಂಡರಿನ ಹಿಂದಿನ ಟೈರಿನ ಮೇಲೆ ‘2.75-18 6ಪಿಆರ್ 48ಪಿ’ ಎಂದಿರುತ್ತದೆ. 2.75 ಎಂದರೆ ಇಂಚಿನಲ್ಲಿ ಟೈರಿನ ಅಗಲ, ಸುಮಾರು 70 ಮಿ.ಮೀ. 18 ಎಂಬುದು ರಿಮ್ಮಿನ ಅಡ್ಡಳತೆ, ಇದೂ ಇಂಚಿನಲ್ಲೇ.

6ಪಿಆರ್ ಎಂದರೆ ಬಲದ ದರ್ಜೆ. ಹಿಂದೆ ಅಷ್ಟು ಪದರ ಹತ್ತಿ ಬಟ್ಟೆ ಹಾಕುತ್ತಿದ್ದರು. ಈಗ ನೈಲಾನಿನ ಕಡಿಮೆ ಪದರದಲ್ಲೇ ಅಷ್ಟು ಬಲ ಬರುತ್ತದೆ.

48 ಎಂದರೆ ಟೈರು ಹೊರಬಲ್ಲ ಭಾರ 180 ಕೆ.ಜಿ. ಮುಂದಿನದಕ್ಕೆ 42, ಅಂದರೆ 150 ಕೆ.ಜಿ. ಪಿ ಎಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ ಭದ್ರ. ಹಳೆಯ ಬೈಕಿಗೆ ಇದು ಧಾರಾಳವಾಯಿತು.

ಪುಟ್ಟ ಚೌಕಟ್ಟಿನೊಳಗಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ನಂತರದ ಎರಡು ವರ್ಷ. ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು, ಮ್ಯೂಸಿಯಮ್ಮಿಗೆ ಕೊಡಬಹುದು.

ಟಿಡಬ್ಲ್ಯುಐ ಎಂದು ಬರೆದ ನೇರಕ್ಕೆ ಗೆರೆಯೊಳಗೆ ಒಂದು ಉಬ್ಬು ಇರುತ್ತದೆ. ಮೇಲ್ಮೈ ಸವೆದು ಅದರ ಮಟ್ಟಕ್ಕೆ ಬಂದರೆ ಟೈರಿನ ಕತೆ ಮುಗಿದಂತೆ.

ಮೈಸೂರಿನ ಗಾಡಿ, ಮದರಾಸಿನ ಗಾಡಿ

ಹಳೆಯ ಬೈಕಿಗೆ ಟೈರು ಆರಿಸುವವರು ಮೊದಲು ಗಾಡಿಯ ಹುಟ್ಟೂರನ್ನು ನೆನೆಯುವುದು ಒಳ್ಳೆಯದು. ಅಳತೆಯ ಗುಟ್ಟು ಅಲ್ಲಿದೆ.

ಜಾವಾ, ಯೆಜ್ಡಿ ನಮ್ಮ ಮೈಸೂರಿನ ಯಾದವಗಿರಿಯವು. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು, 1996ರಲ್ಲಿ ನಿಂತುಹೋಯಿತು. ಆರಂಭದ ಜಾವಾಗಳದ್ದು 16 ಇಂಚಿನ ಗಿಡ್ಡ ಚಕ್ರ, 3.25-16 ಟೈರು. ರೋಡ್‌ಕಿಂಗ್ ಬರುವ ಹೊತ್ತಿಗೆ ಚಕ್ರ 18 ಇಂಚಿಗೆ ಏರಿತ್ತು. ಹದಿನೆಂಟರ ಟೈರು ಇಂದಿಗೂ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಹದಿನಾರರ ಜಾವಾ ಇಟ್ಟುಕೊಂಡವರು ಮಾತ್ರ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕು, ಸಿಕ್ಕಿದಾಗ ಎರಡು ಜೊತೆ ತೆಗೆದಿಡಬೇಕು ಎನ್ನಿಸುತ್ತದೆ. ಆದರೆ ತೆಗೆದಿಟ್ಟ ಟೈರಿಗೂ ವಯಸ್ಸಾಗುತ್ತದೆ ಎಂಬುದನ್ನು ಈ ಸಂಗ್ರಹಪ್ರಿಯರು ಮರೆಯುತ್ತಾರೆ.

ಆ ಕಾಲದಲ್ಲಿ ಬೈಕೂ ಟೈರೂ ಒಂದೇ ಊರಲ್ಲಿ ತಯಾರಾಗುತ್ತಿದ್ದುದು ಒಂದು ಸೊಗಸು. ಮೈಸೂರಿನಲ್ಲೇ ಇದ್ದ ಫಾಲ್ಕನ್ ಟೈರ್ಸ್ ದ್ವಿಚಕ್ರ, ತ್ರಿಚಕ್ರ ವಾಹನಗಳ ಟೈರಿಗೆ ಹೆಸರಾಗಿತ್ತು.

ಬುಲೆಟ್ಟಿನದೂ ಇಂಥದೇ ಕತೆ. 1955ರಿಂದ ಎನ್‌ಫೀಲ್ಡ್ ಇಂಡಿಯಾ ಬುಲೆಟ್ ಕಟ್ಟಿದ್ದು ಮದರಾಸಿನ ತಿರುವೊಟ್ಟಿಯೂರಿನಲ್ಲಿ. ಅದೇ ತಿರುವೊಟ್ಟಿಯೂರಿನ ಒಂದು ಷೆಡ್ಡಿನಲ್ಲಿ 1946ರಲ್ಲಿ ಕೆ.ಎಂ. ಮಾಮ್ಮನ್ ಮಾಪ್ಪಿಳ್ಳೈ ಮಕ್ಕಳ ಬಲೂನು ತಯಾರಿಸತೊಡಗಿದ್ದರು. ಆ ಬಲೂನು ಷೆಡ್ಡೇ ಮುಂದೆ ಎಂಆರ್‌ಎಫ್ ಆಯಿತು, 1961ರಲ್ಲಿ ಟೈರಿಗೆ ಕೈ ಹಾಕಿತು. ಬಂಗಾರಪೇಟೆಯ ಹಳಿ ಜೋಲಾರಪೇಟೆಯ ಮೇಲೆ ಹಾದು ಮದರಾಸಿಗೇ ಹೋಗಿ ಮುಟ್ಟುವುದರಿಂದ ಈ ಊರಿನವರಿಗೆ ಮೈಸೂರಿನದರಷ್ಟೇ ಮದರಾಸಿನ ಗಾಡಿಯೂ ಮನೆಯದೇ.

ಹಳೆಯ ಬುಲೆಟ್ 350ಕ್ಕೆ ಹಿಂದೆ ಮುಂದೆ ಎರಡಕ್ಕೂ 3.25-19. ಎತ್ತರದ ಚಕ್ರ, ಕಿರಿದಾದ ಟೈರು. ಆರ್‌ಎಕ್ಸ್ 100 ಇನ್ನೂ ತೆಳ್ಳಗೆ: ಮುಂದೆ 2.50-18, ಹಿಂದೆ 2.75-18. ಯಮಹಾ ತಂತ್ರಜ್ಞಾನದ ಆ ಗಾಡಿ 1985ರಲ್ಲಿ ಬಂದು 1996ರ ಹೊತ್ತಿಗೆ ನಿಂತೇಹೋದರೂ ಕೆಜಿಎಫ್‌ನ ಗಲ್ಲಿಗಳಲ್ಲಿ ಅದರ ಕಿರುಚು ಇನ್ನೂ ನಿಂತಿಲ್ಲ.

[ಬಾಕ್ಸ್] ತ್ರಿಚಕ್ರದ ಸೈಕಲ್ಲಿನಿಂದ

ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಕುದುರೆಗಾಡಿಯ ಕಾಲ, ಯಾರಿಗೂ ಬೇಕಾಗಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಅದನ್ನೇ ಮತ್ತೆ ಕಂಡುಹಿಡಿದ. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿಯ ಗಣಿಗಳು ಆಗಷ್ಟೇ ಚಿನ್ನ ಕಾಣತೊಡಗಿದ್ದವು. ಡನ್‌ಲಪ್ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು.

ದಪ್ಪ ಟೈರಿನ ಮೋಹ

ಈಚಿನ ಹುಡುಗರಿಗೆ ತೆಳ್ಳಗಿನ ಟೈರು ಕಂಡರೆ ಆಗುವುದಿಲ್ಲ. ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಗಣಿತ್ಯಾಜ್ಯದ ಸಯನೈಡ್ ದಿಬ್ಬ ನೋಡಲು ಭಾನುವಾರಗಳಂದು ಬೆಂಗಳೂರಿನಿಂದ ಬರುವ ಬೈಕುಗಳನ್ನು ನೋಡಿ ಈ ಆಸೆ ಇನ್ನಷ್ಟು ಕೆರಳಿದೆ. ಅವುಗಳ ಹಿಂದಿನ ಟೈರು ಕಾರಿನದರಷ್ಟು ದಪ್ಪ. ನಮ್ಮ ಆರ್‌ಎಕ್ಸಿಗೂ ಅಂಥದೇ ಬೇಕು ಎಂಬ ಹಟ.

ಅಂಗಡಿಯವನು ಬೇಡವೆನ್ನುವುದಿಲ್ಲ. ಲೀವರ್ ಹಾಕಿ ಒತ್ತಿದರೆ ಕೂರುತ್ತದೆ ಕೂಡ. ಆದರೆ ಎರಡು ಬೆರಳು ಅಗಲದ ರಿಮ್ಮಿಗೆ ದಪ್ಪ ಟೈರು ತೊಡಿಸಿದಾಗ ಅದರ ಎರಡೂ ಅಂಚು ಒಳಕ್ಕೆ ಹಿಂಡಿದಂತಾಗಿ, ನಡು ಗೂನು ಏಳುತ್ತದೆ. ನೋಡಲು ದಪ್ಪ, ರಸ್ತೆಗೆ ತಾಗುವುದು ನಡುವಿನ ಒಂದು ಪಟ್ಟಿ. ಹೆಚ್ಚು ಹಿಡಿತ ಸಿಗಲೆಂದು ಹಾಕಿಸಿದ್ದು ಇದ್ದ ಹಿಡಿತವನ್ನೂ ಕಳೆಯುತ್ತದೆ.

ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಪಕ್ಕೆ ಚೈನ್ ಕವರಿಗೆ ಉಜ್ಜುತ್ತದೆ. ಹಿಂದೆ ಒಬ್ಬರು ಕೂತು ಷಾಕ್ ಅಬ್ಸಾರ್ಬರ್ ಕುಗ್ಗಿದರೆ ಮಡ್ಗಾರ್ಡಿನ ಒಳಮೈಗೆ ತಾಗುತ್ತದೆ. ಚಕ್ರದ ಸುತ್ತಳತೆ ಬದಲಾಗಿ ಎಂಜಿನ್ ಎಳೆಯುವ ರೀತಿಯೇ ಬೇರೆಯಾಗುತ್ತದೆ. ನೂರು ಸಿಸಿಯ ಎಂಜಿನ್ನಿಗೆ ಒಂದೂವರೆ ಕೆ.ಜಿ. ಹೆಚ್ಚುವರಿ ರಬ್ಬರು ತಿರುಗಿಸುವುದೂ ಒಂದು ಕೆಲಸವೇ. ಮೈಲೇಜ್ ಇಳಿಯಿತೆಂದು ಆಮೇಲೆ ಕಾರ್ಬೊರೇಟರ್ ಬಿಚ್ಚಿಸುತ್ತಾರೆ!

ಗಾಡಿ ಕಟ್ಟಿದವರು ಬರೆದ ಅಳತೆಗೇ ಅಂಟಿಕೊಳ್ಳುವುದು ಜಾಣತನ. ಇಂಚಿನ ಅಳತೆಯ ಟೈರು ಸಿಗದಿದ್ದರೆ ಮಾತ್ರ ಮಿಲಿಮೀಟರಿನದಕ್ಕೆ ಹೋಗಬೇಕು. 3.00-18ರ ಜಾಗಕ್ಕೆ 90/90-18, ಬುಲೆಟ್ಟಿನ ಮುಂದಿನ 3.25-19ರ ಜಾಗಕ್ಕೆ 90/90-19 ಹತ್ತಿರದ ನೆಂಟರು. ಹೀಗೆ ಬದಲಿಸುವಾಗಲೂ ಕೊಳ್ಳುವ ಮೊದಲು ಚಕ್ರದ ಎರಡೂ ಮಗ್ಗುಲಲ್ಲಿ ಬೆರಳು ತೂರುವಷ್ಟು ಜಾಗ ಉಳಿಯುತ್ತದೆಯೇ ನೋಡಿಕೊಳ್ಳಬೇಕು.

ಟ್ಯೂಬ್‌ಲೆಸ್ ಹಾಕಿಸಿದರೆ ಪಂಚರ್ ತಲೆನೋವು ತಪ್ಪುತ್ತದಲ್ಲ ಎನ್ನುವವರಿದ್ದಾರೆ. ಕಡ್ಡಿ ಚಕ್ರದ ರಿಮ್ಮಿನಲ್ಲಿ ಪ್ರತಿ ಕಡ್ಡಿಗೂ ಒಂದು ತೂತಿದೆ. ಗಾಳಿ ನಿಲ್ಲುವುದು ಹೇಗೆ? ಟ್ಯೂಬ್‌ಲೆಸ್ ಟೈರನ್ನೇ ಕೊಂಡರೂ ಒಳಗೆ ಟ್ಯೂಬು ಬೇಕೇಬೇಕು.

ಇನ್ನು ಗೆರೆಯ ವಿನ್ಯಾಸ. ಹಳೆಯ ಬೈಕುಗಳ ಮುಂದಿನ ಚಕ್ರಕ್ಕೆ ಉದ್ದುದ್ದ ಗೆರೆಯ ರಿಬ್ ಟೈರು ಕೊಡುತ್ತಿದ್ದುದಕ್ಕೆ ಕಾರಣವಿದೆ. ಮುಂದಿನ ಚಕ್ರದ ಕೆಲಸ ದಿಕ್ಕು ಹಿಡಿಯುವುದು. ಉದ್ದ ಗೆರೆ ಪಕ್ಕಕ್ಕೆ ಜಾರುವುದನ್ನು ತಡೆಯುತ್ತದೆ. ಹಿಂದಿನದು ತಳ್ಳಬೇಕು, ಅದಕ್ಕೆ ಅಡ್ಡ ಕಟ್ಟುಗಳು. ಕಾಮಸಮುದ್ರದ ಕಡೆಯ ತೋಟಕ್ಕೆ ಕೆಸರಲ್ಲಿ ಹೋಗಿಬರುವವರು ಹಿಂದಕ್ಕೆ ಗುಂಡಿ ಟೈರು ಹಾಕಿಸಿದರೆ ಅರ್ಥವಿದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಮೆರೆಯುವುದಕ್ಕೆ ಹಾಕಿಸಿದರೆ ಡಾಂಬರಿನ ಮೇಲೆ ಗುರ್ರ್ ಎನ್ನುವ ಸದ್ದು ಮಾತ್ರ ಲಾಭ.

ಬ್ರ್ಯಾಂಡಿನ ವಾದ ಇಲ್ಲಿ ಬೆಳೆಸುವುದಿಲ್ಲ. ಎಂಆರ್‌ಎಫ್, ಸಿಯೆಟ್, ಟಿವಿಎಸ್, ಜೆಕೆ ಎಲ್ಲರ ಬಳಿಯೂ ಹಳೆಯ ಅಳತೆಗಳಿವೆ, ಎಲ್ಲದಕ್ಕೂ ಐಎಸ್‌ಐ ಗುರುತಿದೆ. ಹೆಸರಿಗಿಂತ ತಾರೀಖು ದೊಡ್ಡದು. ಹೆಸರಾಂತ ಕಂಪನಿಯ ಮೂರು ವರ್ಷದ ಹಿಂದಿನ ಸರಕಿಗಿಂತ ಸಾಧಾರಣ ಕಂಪನಿಯ ಮೂರು ತಿಂಗಳ ಹಿಂದಿನದೇ ಮೇಲು. ಅಪರೂಪದ ಅಳತೆಗಳು ಅಟ್ಟದ ಮೇಲೆ ವರ್ಷಗಟ್ಟಲೆ ಕೂರುವುದರಿಂದ ಹಳೆಯ ಬೈಕಿನವರೇ ಈ ವಿಷಯದಲ್ಲಿ ಹೆಚ್ಚು ಎಚ್ಚರವಾಗಿರಬೇಕು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ‘ರೇಟು ಜಾಸ್ತಿ, ಆಮೇಲೆ ನೋಡೋಣ’ ಎಂಬ ನೆಪವೂ ಅಷ್ಟರಮಟ್ಟಿಗೆ ಸೊರಗಿದೆ.

ಲೀವರ್, ಸೋಪುನೀರು, ಸ್ಪ್ಲಿಟ್ ಪಿನ್ನು

ಯೆಜ್ಡಿಯ ಹಿಂದಿನ ಚಕ್ರ ಬಿಚ್ಚುವುದನ್ನು ನೋಡುವುದೇ ಒಂದು ಖುಷಿ. ಚೈನು, ಹಲ್ಲುಚಕ್ರ ಎಲ್ಲ ಮುಚ್ಚಿದ ಪೆಟ್ಟಿಗೆಯೊಳಗೆ ಇದ್ದಲ್ಲೇ ಇರುತ್ತವೆ. ಆಕ್ಸಲ್ ಎಳೆದರೆ ಚಕ್ರ ಮಾತ್ರ ಹೊರಬರುತ್ತದೆ. ಐವತ್ತು ವರ್ಷದ ಹಿಂದೆ ಹೀಗೆ ಯೋಚಿಸಿದ್ದರಲ್ಲ ಎಂದು ಅಂಗಡಿಯ ಹುಡುಗನೂ ತಲೆದೂಗಿದ.

ಹಳೆಯ ಟೈರು ಮಾತ್ರ ಸುಲಭಕ್ಕೆ ಬಿಡಲಿಲ್ಲ. ಅಂಚು ರಿಮ್ಮಿನ ತುಕ್ಕಿಗೆ ಅಂಟಿಹೋಗಿತ್ತು. ಕಾಲಿನಿಂದ ತುಳಿದು, ಸುತ್ತಿಗೆಯಿಂದ ತಟ್ಟಿ, ಕೊನೆಗೆ ಎರಡು ಲೀವರು ತೂರಿಸಿ ಎಬ್ಬಿಸಿದ. ಒಳಗಿನಿಂದ ಸುರಿದದ್ದು ಕೆಂಪು ಪುಡಿ. ರಿಮ್ ಟೇಪು ಹರಿದು ಕಡ್ಡಿಗಳ ತಲೆ ಬಯಲಾಗಿತ್ತು. ಹಿರಿಯರು ‘ಟ್ಯೂಬು ಹಳೇದೇ ಇರ್ಲಿ’ ಎಂದರು. ಹುಡುಗ ಟ್ಯೂಬನ್ನು ಬೆಳಕಿಗೆ ಹಿಡಿದು ಮಡಿಕೆಯ ಗುರುತುಗಳನ್ನು ತೋರಿಸಿದ. ಹೊಸ ಟೈರಿನೊಳಗೆ ಹಳೆಯ ಟ್ಯೂಬು ತುಂಬಿದರೆ ಹಿಗ್ಗಿದ ಮೈ ಮಡಿಚಿಕೊಂಡು, ಮಡಿಕೆಯಲ್ಲೇ ಸೀಳುತ್ತದೆ. ಟ್ಯೂಬು, ರಿಮ್ ಟೇಪು ಎರಡೂ ಹೊಸದಾದವು.

ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿ, ಸಡಿಲವಾದ ಕಡ್ಡಿಗಳನ್ನು ಬಿಗಿಸುವ ಹೊತ್ತು ಇದೇ. ಟೈರು ಏರಿದ ಮೇಲೆ ಆ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಕಡ್ಡಿಗಳ ಮೇಲೆ ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿದರೆ ಬಿಗಿಯಾದದ್ದು ಟಿಂಗ್ ಎನ್ನುತ್ತದೆ, ಸಡಿಲಾದದ್ದು ಡಬ್ ಎನ್ನುತ್ತದೆ.

ಹೊಸ ಟೈರಿನ ಪಕ್ಕೆಯಲ್ಲಿ ಬಾಣದ ಗುರುತಿರುತ್ತದೆ, ಚಕ್ರ ತಿರುಗುವ ದಿಕ್ಕಿಗೆ ಅದು ಇರಬೇಕು. ಬಣ್ಣದ ಚುಕ್ಕಿಯಿದ್ದರೆ ಅದು ಟೈರಿನ ಹಗುರ ಭಾಗ. ಅದನ್ನು ವಾಲ್ವಿನ ನೇರಕ್ಕೆ ಕೂರಿಸುತ್ತಾರೆ. ಅಂಚಿಗೆ ಸೋಪುನೀರು ಸವರಬೇಕು. ಗ್ರೀಸು, ಎಂಜಿನ್ ಆಯಿಲ್ ಸವರುವವರೂ ಇದ್ದಾರೆ, ಅವು ರಬ್ಬರನ್ನು ತಿನ್ನುತ್ತವೆ. ಟ್ಯೂಬಿಗೆ ಸ್ವಲ್ಪವೇ ಗಾಳಿ ಕೊಟ್ಟು ಒಳಗಿಟ್ಟರೆ ಲೀವರಿನ ತುದಿಗೆ ಸಿಕ್ಕಿ ಕಚ್ಚುವುದಿಲ್ಲ.

ಗಾಳಿ ತುಂಬಿದಾಗ ಟಪ್ ಎಂದು ಅಂಚು ರಿಮ್ಮಿಗೆ ಕೂತ ಸದ್ದು ಬರಬೇಕು. ಸದ್ದು ಬಂದರೂ ಸಾಲದು. ಟೈರಿನ ಪಕ್ಕೆಯ ಕೆಳಗೆ ಸುತ್ತಲೂ ಒಂದು ಸಣ್ಣ ಗೆರೆ ಓಡುತ್ತದೆ. ರಿಮ್ಮಿನ ಅಂಚಿಗೂ ಆ ಗೆರೆಗೂ ನಡುವಿನ ಅಂತರ ಎಲ್ಲ ಕಡೆ ಒಂದೇ ಆಗಿರಬೇಕು. ಒಂದು ಕಡೆ ಒಳಗೆ ಅಡಗಿದ್ದರೆ ಗಾಡಿ ಐವತ್ತು ದಾಟುತ್ತಲೇ ಕುಣಿಯುತ್ತದೆ. ಗಾಳಿ ಬಿಟ್ಟು, ತಟ್ಟಿ, ಮತ್ತೆ ತುಂಬಿಸಿಕೊಳ್ಳಿ. ಅಂಗಡಿಯವನ ಮುಖ ನೋಡಬೇಡಿ.

ಚಕ್ರ ವಾಪಸ್ಸು ಏರಿದ ಮೇಲೆ ಬಹಳ ಜನ ನೋಡದ ಜಾಗವೊಂದಿದೆ. ಡ್ರಮ್ ಬ್ರೇಕಿನ ತಟ್ಟೆಯನ್ನು ಹಿಡಿದಿರುವ ಟಾರ್ಕ್ ಆರ್ಮ್ ಎಂಬ ಪಟ್ಟಿ, ಅದರ ನಟ್ಟು, ನಟ್ಟಿಗೊಂದು ಸ್ಪ್ಲಿಟ್ ಪಿನ್ನು. ಈ ಕಾಸಿನ ಪಿನ್ನು ಹಾಕದೆ ಬಿಟ್ಟು, ನಟ್ಟು ಉದುರಿದರೆ ಬ್ರೇಕ್ ಹಾಕಿದ ಕೂಡಲೇ ಬ್ರೇಕ್ ತಟ್ಟೆಯೇ ಚಕ್ರದ ಜೊತೆ ತಿರುಗುತ್ತದೆ. ಹಳೆಯ ಬೈಕಿನ ಹಿಂದಿನ ಚಕ್ರ ಬಿಚ್ಚಿ ಹಾಕಿಸಿದವರು ಅಂಗಡಿ ಬಿಡುವ ಮುನ್ನ ಬಗ್ಗಿ ನೋಡಬೇಕಾದ್ದು ಇದನ್ನು.

[ಬಾಕ್ಸ್] ಗಾಳಿ ಎಷ್ಟು?

ಸ್ಪ್ಲೆಂಡರಿಗೆ ಮುಂದೆ 25 ಪಿಎಸ್‌ಐ. ಹಿಂದೆ ಒಬ್ಬರೇ ಇದ್ದರೆ 28, ಹಿಂಬದಿ ಸವಾರರಿದ್ದರೆ 41. ಪಂಚರ್ ಅಂಗಡಿಯವರು ಎಲ್ಲ ಗಾಡಿಗೂ ಒಂದೇ ಲೆಕ್ಕ ಹಿಡಿಯುತ್ತಾರೆ. ನಿಮ್ಮ ಗಾಡಿಯ ಪುಸ್ತಕದಲ್ಲಿರುವುದನ್ನು ಹೇಳಿ ಹಾಕಿಸಿ.

ನೋಡಬೇಕಾದ್ದು ಬೆಳಗ್ಗೆ, ಚಕ್ರ ತಣ್ಣಗಿದ್ದಾಗ. ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಒಂದೂವರೆ ಪಿಎಸ್‌ಐನಷ್ಟು ಏರುತ್ತದೆ. ಮಧ್ಯಾಹ್ನ ಸ್ಟೇಷನ್ ಬಿಸಿಲಲ್ಲಿ ಅಳೆದು ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಟೈರು ಸೊರಗಿರುತ್ತದೆ.

ಮೊದಲ ನೂರೈವತ್ತು ಕಿಲೊಮೀಟರ್

ಹೊಸ ಟೈರಿನ ಮೈ ನುಣ್ಣಗೆ ಮಿರುಗುತ್ತದೆ. ಅಚ್ಚಿನೊಳಗೆ ಬೆಂದು ಬಂದ ಆ ಮೇಲ್ಪದರಕ್ಕೆ ಹಿಡಿತ ಕಡಿಮೆ. ಒಂದಷ್ಟು ದೂರ ಓಡಿ, ರಸ್ತೆಗೆ ಉಜ್ಜಿ ಅದು ಮಾಸಬೇಕು. ಮೊದಲ ನೂರು, ನೂರೈವತ್ತು ಕಿಲೊಮೀಟರ್ ನಿಧಾನ ಎಂದು ಕಂಪನಿಗಳೇ ಹೇಳುತ್ತವೆ. ಸ್ಟೇಷನ್ನಿಗಷ್ಟೇ ಓಡಾಡುವ ಗಾಡಿಗೆ ಇದು ಎರಡು ಮೂರು ವಾರದ ಮಾತು. ಅದೂ ನೇರ ರಸ್ತೆಯಲ್ಲಿ ನಡು ಮಾತ್ರ ಉಜ್ಜಿ, ಪಕ್ಕಗಳು ಮಿರುಗುತ್ತಲೇ ಉಳಿಯುತ್ತವೆ.

ಅದಕ್ಕೇ ಒಂದು ಭಾನುವಾರ ಹೊರಗೆ ಒಯ್ಯುವುದು ಒಳ್ಳೆಯದು. ಬಂಗಾರಪೇಟೆಯಿಂದ ಬೂದಿಕೋಟೆ, ಅಲ್ಲಿಂದ ಕಾಮಸಮುದ್ರ, ಬಳಸಿಕೊಂಡು ಕೆಜಿಎಫ್. ಹೈದರಾಲಿ ಹುಟ್ಟಿದ ಊರು ಬೂದಿಕೋಟೆ. ಬಂಡೆಗಳ ನಡುವೆ ರಸ್ತೆ ಬಳುಕುತ್ತ ಹೋಗುತ್ತದೆ, ವಾಹನ ಕಡಿಮೆ. ಕಾಮಸಮುದ್ರದ ಆಚೆಗೆ ಕಾಡು, ಆಂಧ್ರ ಮತ್ತು ತಮಿಳುನಾಡಿನ ಗಡಿ. ಆನೆಗಳು ದಾಟುವ ಸೀಮೆಯಾದ್ದರಿಂದ ಕತ್ತಲಾಗುವ ಮೊದಲು ಮರಳಬೇಕು. ಕೋಟಿಲಿಂಗೇಶ್ವರ ನೋಡಬೇಕೆನ್ನುವವರು ಕಮ್ಮಸಂದ್ರಕ್ಕೆ ತಿರುಗಿಕೊಳ್ಳಬಹುದು.

ಮೊದಲ ತಿರುವಿನಲ್ಲೇ ಗಾಡಿ ಬೇರೆಯದೇ ಅನ್ನಿಸುತ್ತದೆ. ಹಳೆಯ ಟೈರು ನಡುವೆ ಮಾತ್ರ ತುಸು ಸವೆದು ಚಪ್ಪಟೆಯಾಗಿದ್ದಾಗ ಬೈಕು ವಾಲಲು ಹಟ ಹಿಡಿಯುತ್ತಿತ್ತು, ಒಂದು ಅಂಚು ದಾಟಿದ ಮೇಲೆ ದಡಕ್ಕನೆ ಬೀಳುತ್ತಿತ್ತು. ನಮಗೇ ಗೊತ್ತಾಗದಂತೆ ತೋಳು ಆ ಹಟಕ್ಕೆ ಒಗ್ಗಿಹೋಗಿರುತ್ತದೆ. ದುಂಡನೆಯ ಹೊಸ ಟೈರು ಹ್ಯಾಂಡಲ್ ಮುಟ್ಟಿದರೆ ಸಾಕು, ವಾಲುತ್ತದೆ. ಹಳೆಯ ಅಭ್ಯಾಸದ ಬಲ ಹಾಕಿದರೆ ತಿರುವಿನ ಒಳಮಗ್ಗುಲಿಗೆ, ರಸ್ತೆಯಂಚಿನ ಮರಳಿಗೆ, ನೇರ ಹೋಗಿಬಿಡಬಹುದು. ಮೊದಲ ಹತ್ತು ತಿರುವು ತೋಳಿನ ಪಾಠಕ್ಕೆ ಮೀಸಲಿಡಬೇಕು.

ಒಂದೇ ಟೈರು ಬದಲಿಸಿದವರಿಗೆ ಈ ವಿಚಿತ್ರ ಇನ್ನೂ ಹೆಚ್ಚು ಕಾಡುತ್ತದೆ. ಹಿಂದಿನದು ದುಂಡಗೆ, ಮುಂದಿನದು ಒಣಗಿದ್ದು; ಎರಡೂ ಬೇರೆ ಬೇರೆ ಮಾತಾಡುತ್ತವೆ. ಹಣ ಒಂದಕ್ಕೇ ಇದ್ದರೆ? ಎಲ್ಲರೂ ಹಿಂದಿನದನ್ನು ಬದಲಿಸುತ್ತಾರೆ, ಅದೇ ಸವೆದಿರುವುದು ಕಣ್ಣಿಗೆ ಕಾಣುತ್ತದೆಂದು. ಬ್ರೇಕ್ ಒತ್ತಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಮುಂದಿನದು ಬಿರುಕು ಬಿಟ್ಟಿದ್ದರೆ ಸಾಲ ಮಾಡಿಯಾದರೂ ಎರಡನ್ನೂ ಹಾಕಿಸುವುದು ನನ್ನ ಪಕ್ಷ.

ಹಳಿ ದಾಟುವಲ್ಲಿ, ಬಿಳಿ ಬಣ್ಣದ ಪಟ್ಟಿಗಳ ಮೇಲೆ, ಒದ್ದೆ ಸೆಗಣಿಯ ಮೇಲೆ ಈ ಮೊದಲ ದಿನಗಳಲ್ಲಿ ಗಾಡಿಯನ್ನು ನೆಟ್ಟಗೇ ನಡೆಸಬೇಕು. ಹಿಡಿತ ಬಂದ ಮೇಲೂ ಒಂದು ಮಾತು ನೆನಪಿರಲಿ: ಟೈರು ಹೊಸದು, ಬ್ರೇಕು ಹಳೆಯದು. ರೋಡ್‌ಕಿಂಗಿನ ಡ್ರಮ್ಮು 1978ರ ರಸ್ತೆಗೆ, 1978ರ ಲಾರಿಗಳಿಗೆ ಮಾಡಿದ್ದು.

ವಾಪಸ್ಸು ಬಂದ ಮೇಲೆ ಗಾಳಿ ಇನ್ನೊಮ್ಮೆ ನೋಡಿ, ಚೈನು ಮತ್ತು ಆಕ್ಸಲ್ ನಟ್ಟು ಬಿಗಿ ಇದೆಯೇ ನೋಡಿ. ಹೊಸ ಟೈರು ರಿಮ್ಮಿಗೆ ಒಗ್ಗಿಕೊಳ್ಳುವಾಗ ಕಡ್ಡಿಗಳು ಒಂದೆರಡು ಸಡಿಲಾಗುವುದುಂಟು. ಸ್ಟೇಷನ್ನಿನಲ್ಲಿ ನಿಲ್ಲಿಸುವವರು ಸಾಧ್ಯವಾದರೆ ಗೋಡೆಯ ನೆರಳು ಹಿಡಿಯಲಿ, ಸೆಂಟರ್ ಸ್ಟ್ಯಾಂಡು ಹಾಕಲಿ. ಹೊಳಪಿಗೆಂದು ಟೈರಿಗೆ ಡೀಸೆಲ್ ಸವರುವ ಸರ್ವಿಸ್ ಹುಡುಗನನ್ನು ತಡೆಯಲಿ.

ಇನ್ನು ಅಂಗಡಿಯಲ್ಲೇ ಬಿಟ್ಟುಬಂದ ಆ 0914. ಗೆರೆ ಇನ್ನೂ ಚೆನ್ನಾಗಿರುವುದರಿಂದ ಅದಕ್ಕೆ ಬೆಲೆ ಇದೆ. ಕರಿ ಪಾಲಿಷ್ ಬಳಿಸಿಕೊಂಡು, ‘ಸೆಕೆಂಡ್’ ಎಂಬ ಹೆಸರಲ್ಲಿ, ಕಾಸಿಲ್ಲದ ಇನ್ನೊಬ್ಬ ಹುಡುಗನ ಗಾಡಿಗೆ ಅದು ಏರಬಹುದು. ಅದಕ್ಕೇ ಹಣ ಎಣಿಸುವ ಮೊದಲು ಹಿರಿಯರು ಕೇಳಿದ್ದು ಒಂದನ್ನೇ: ಹಳೆಯದರ ಪಕ್ಕೆ ಕೊಯ್ದು ಕೊಡು. ಹುಡುಗ ಒಂದು ಗಳಿಗೆ ಅನುಮಾನಿಸಿ, ಕತ್ತಿ ತಂದು ಎರಡು ಕಡೆ ಸೀಳಿ, ಟೈರನ್ನು ಗುಜರಿಯ ರಾಶಿಗೆ ಎಸೆದ.